ನಕ್ಷೆಯಲ್ಲಿ ಖಾಲಿ ಜಾಗ

ಸುಮಲತಾ ನಾಯಕಿಯಾದದ್ದು ಆಷಾಢದಲ್ಲಿ. ಅದಕ್ಕೆ ಮೊದಲು ಎರಡೂವರೆ ವರ್ಷ ಅವಳು ಬರೀ ಮೆಂಬರ್ ಆಗಿದ್ದಳು. ಸಣ್ಣದಂಡೆ ವಾರ್ಡು ಹೆಂಗಸರಿಗೆ ಮೀಸಲಾದಾಗ, ಕೇರಿಯಲ್ಲಿ ಪಿಯುಸಿ ಮುಗಿಸಿದ ಸೊಸೆ ಇವಳೊಬ್ಬಳೇ ಎಂದು ಹಿರಿಯರು ಇವಳ ಹೆಸರು ಕೊಟ್ಟರು. ಎದುರಿಗೆ ಯಾರೂ ನಿಲ್ಲಲಿಲ್ಲ. ಗೆದ್ದ ಮೇಲೆ ಪಂಚಾಯ್ತಿಗೆ ಹೋಗುವುದು, ತೋರಿಸಿದಲ್ಲಿ ಸಹಿ ಹಾಕುವುದು, ಚಾ ಕುಡಿದು ಮನೆಗೆ ಬಂದು ಮೀನು ಹೆಚ್ಚುವುದು, ಇಷ್ಟೇ ಅವಳ ಅಧಿಕಾರ. ಹೀಗಿರುವಾಗ ಘಟ್ಟದ ಮೇಲಿನ ಒಂದು ಸಂಸ್ಥೆಯವರು ‘ಗ್ರಾಮೀಣ ನಾಯಕತ್ವ ಶಿಬಿರ’ ಎಂಬ ಬ್ಯಾನರ್ ಹಿಡಿದುಕೊಂಡು ಬಂದರು. ಎರಡು ದಿನ ಅಂಕೋಲೆಯಲ್ಲಿ ಪಾಠ, ಮೂರನೆಯ ದಿನ ಅವರವರ ಊರಿನಲ್ಲಿ ಅಭ್ಯಾಸ.

“ಮೂರು ದಿನ ಅಡುಗೆ ಯಾರು ಮಾಡೂದು?” ಎಂದು ಅತ್ತೆ ಹೀರಾ ಒಲೆಯ ಮುಂದಿನಿಂದಲೇ ಕೇಳಿದಳು.

“ಗಂಜಿ ಮಾಡಿಟ್ಟೇ ಹೋತೆ ಅತ್ತೆ. ನಿನ್ನೆ ಸಾರು ಅದೆ.”

“ನಿನ್ನೆ ಸಾರು ನಿನ್ನ ಮಾವಗೆ ಗಂಟಲಲ್ಲಿ ಇಳಿತದಾ ಕೇಳು.”

“ಇಳಿತದೆ, ಇಳಿತದೆ” ಎಂದ ಮಾವ ಕುಪ್ಪ ಜಗುಲಿಯಿಂದ. “ಮೀನು ಸಾರು ಎರಡನೇ ದಿನವೇ ರುಚಿ.” ಒಂದು ಕಾಲಕ್ಕೆ ದಡದ ದೊಡ್ಡ ಬಲೆಗೆ ಇಪ್ಪತ್ತು ಜನರನ್ನು ಕೂಗಿ ನಿಲ್ಲಿಸುತ್ತಿದ್ದ ಗಂಟಲು ಅದು. ಈಗ ಮಂಡಿ ಹಿಡಿದುಕೊಂಡು ಅತ್ತೆ ಸೊಸೆಯರ ನಡುವೆ ಹೀಗೆ ಸಣ್ಣಪುಟ್ಟ ಸುಳ್ಳು ಹೇಳುವ ಕೆಲಸಕ್ಕೆ ಉಳಿದಿತ್ತು.

“ಹೋಗಿ ಬರಲಿ ಬಿಡು ಆಯಿ” ಎಂದು ಗಂಡ ಕಿಶನ ಫೋನಿನಿಂದ ತಲೆಯೆತ್ತದೆ ಹೇಳಿದ. ಅವನು ಕಾರವಾರದ ಬೋಟಿನಲ್ಲಿ ಕೆಲಸಕ್ಕಿದ್ದ. ಮಳೆಗಾಲದ ಎರಡು ತಿಂಗಳು ಬೋಟು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಮನೆಯಲ್ಲೇ ಬಿದ್ದುಕೊಂಡಿದ್ದ. “ದಿವಸಕ್ಕೆ ಭತ್ಯೆ ಕೊಡ್ತ್ರಂತೆ. ಊಟಾನೂ ಅದೆ.”

ಭತ್ಯೆಯ ಮಾತು ಕೇಳಿ ಹೀರಾ ಒಲೆಯ ಬೆಂಕಿ ಊದತೊಡಗಿದಳು. ಒಪ್ಪಿದಳು ಎಂದಲ್ಲ. ಕೇರಿಯ ನಾಯಕಿ ಯಾರು ಎಂದು ಯಾರಾದರೂ ಕೇಳಿದ್ದರೆ ಸಣ್ಣದಂಡೆಯ ಒಬ್ಬರೂ ಸುಮಲತಾಳ ಹೆಸರು ಹೇಳುತ್ತಿರಲಿಲ್ಲ. ಹೀರಾಳ ಹೆಸರೇ ಹೇಳುತ್ತಿದ್ದರು. ಹೀರಾಳಿಗೂ ಅದು ಚೆನ್ನಾಗಿ ಗೊತ್ತಿತ್ತು.

ಅದಕ್ಕೆ ಕಾರಣವಿದೆ. ಆ ಕೇರಿಯ ಹೆಂಗಸರ ಸಂಸಾರ ನಿಂತದ್ದೇ ಉಸುಕಿನ ಮೇಲೆ. ದಸರೆ ಕಳೆದ ಮೇಲೆ ಗಾಳಿಮರಗಳ ಆಚೆಗಿನ ಬಯಲಲ್ಲಿ ಬಂಗಡೆ, ತಾರ್ಲೆ, ಚಟ್ಲಿ ಮೀನು ಒಣಗಿಸಲು ಕೂತರೆ ಮತ್ತೆ ಮಳೆ ಬೀಳುವ ತನಕ ಅಲ್ಲೇ. ಯಾರ ಜಾಗ ಎಲ್ಲಿಂದ ಎಲ್ಲಿಗೆ ಎಂಬುದನ್ನು ಅತ್ತೆ ಸೊಸೆಗೆ ನಡೆದು ತೋರಿಸಬೇಕು. ಗೂಟ ಇಲ್ಲ, ಹಗ್ಗ ಇಲ್ಲ. ಉಸುಕಿಗೆ ಗೆರೆ ಹಾಕಬಾರದು ಎಂಬುದು ಕೇರಿಯ ಕಟ್ಟು. ಹಿಂದೆ ಯಾವಾಗಲೋ ಓರಗಿತ್ತಿಯರಿಬ್ಬರು ಜಗಳವಾಡಿ ಕೋಲಿನಿಂದ ಗೆರೆ ಎಳೆದಿದ್ದರಂತೆ, ಅದೇ ವರ್ಷ ಆ ಮನೆಯ ದೋಣಿ ತಿರುಗಿ ಬರಲಿಲ್ಲವಂತೆ. ನಿಜವೋ ಸುಳ್ಳೋ, ಅಂದಿನಿಂದ ಯಾರೂ ಗೆರೆ ಎಳೆದಿಲ್ಲ. ಹಂಗಾಮಿನ ಮೊದಲ ದಿನ ಹೀರಾ ಬುಟ್ಟಿ ಹೊತ್ತು ಹೋಗಿ ಮೂರನೆಯ ಗಾಳಿಮರದ ನೇರಕ್ಕೆ ಕೂರುತ್ತಾಳೆ. ಅವಳನ್ನು ನೋಡಿಕೊಂಡು ಉಳಿದವರು ಎಡಕ್ಕೆ ಬಲಕ್ಕೆ ತಮ್ಮ ತಮ್ಮ ಜಾಗ ಹಿಡಿಯುತ್ತಾರೆ. ಹದಿನೆಂಟು ಮನೆಯ ಹೆಂಗಸರು ಹಾಗೆ ಕೂರಲು ಅರ್ಧ ಗಳಿಗೆ ಸಾಕಾಗುತ್ತಿತ್ತು.

ಶಿಬಿರದ ಮೂರನೆಯ ದಿನ ಕೇರಿಯ ಶಾಲೆಯಲ್ಲಿ ನಡೆಯಿತು. ಹೊರಗೆ ಮಳೆ ಹೊಡೆಯುತ್ತಿತ್ತು, ಕಡಲು ಗಾಳಿಮರದ ಬುಡದ ತನಕ ಬಂದಿತ್ತು. ತರಬೇತಿ ಕೊಡಲು ಬಂದ ವೈಜಯಂತಿ ಮೇಡಂ ಒಳ್ಳೆಯ ಹೆಂಗಸು. ನೆಲದ ಮೇಲೆ ಕೂತು ಮಾತಾಡುತ್ತಿದ್ದರು, ಎಲ್ಲರನ್ನೂ ‘ಅಕ್ಕ’ ಎನ್ನುತ್ತಿದ್ದರು. ರಂಗೋಲಿ ಪುಡಿಯ ಪೊಟ್ಟಣ ಬಿಚ್ಚಿ ಸುಮಲತಾಳ ಕೈಗೆ ಕೊಟ್ಟು, “ನಿಮ್ಮ ಊರಿನ ನಕ್ಷೆ ನೀವೇ ಬಿಡಿಸಿ. ನಿಮ್ಮ ಊರಿನ ಅಭಿವೃದ್ಧಿಯನ್ನು ನೀವೇ ಯೋಜನೆ ಮಾಡಬೇಕು, ಬೇರೆಯವರು ಬಂದು ಮಾಡಬಾರದು” ಎಂದರು. ಮಾತೇನೋ ಬಂಗಾರದಂಥದ್ದು.

ಹೆಂಗಸರಿಗೆ ಹುರುಪು ಬಂತು. ಶಾಲೆ ಬಂತು, ಬಾವಿ ಬಂತು, ದೇವಸ್ಥಾನ ಬಂತು, ದೋಣಿ ನಿಲ್ಲಿಸುವ ಚಪ್ಪರ ಬಂತು. ಕಾಮಿಯ ಮನೆಯನ್ನು ರಸ್ತೆಯ ಈಚೆ ಹಾಕಿದರೆಂದು ಕಾಮಿ ಎದ್ದು ನಿಂತು ಜಗಳ ಮಾಡಿ ಆಚೆ ಹಾಕಿಸಿಕೊಂಡಳು. ಸುಮಲತಾ ಗಾಳಿಮರಗಳ ಸಾಲು ಬಿಡಿಸಿ, ಅದರಾಚೆ ಹದಿನೆಂಟು ಪಟ್ಟಿ ಎಳೆಯಲು ಪುಡಿ ಹಿಡಿದಳು. ಹೀರಾ ಅವಳ ಮುಂಗೈ ಹಿಡಿದುಬಿಟ್ಟಳು.

“ಏ, ಏ! ಉಸುಕಿಗೆ ಗೆರೆ ಹಾಕ್ತ್ಯಾ? ಬುದ್ಧಿ ಅದ್ಯಾ ನಿಂಗೆ?”

“ಇದು ಉಸುಕಲ್ಲ ಅತ್ತೆ, ನೆಲ. ಚಿತ್ರ ಅಷ್ಟೇ.”

“ಚಿತ್ರ ಆದ್ರೂ ಗೆರೆ ಗೆರೆಯೇ. ತೆಗಿ ಕೈ.”

“ಅಲ್ಲಿ ಏನಿದೆ ಅಕ್ಕಾ?” ಎಂದು ಮೇಡಂ ಕೇಳಿದರು.

ಹೊರಗಿನವರಿಗೆ ಉಸುಕಿನ ಲೆಕ್ಕ ಹೇಳಿ ಹೀರಾಳಿಗೆ ಅಭ್ಯಾಸವಿರಲಿಲ್ಲ. “ಅಲ್ಲಿ ಯಂತದೂ ಇಲ್ಲ” ಎಂದಳು. “ಬರೀ ಉಸುಕು.” ಮೇಡಂ ಕಿಟಕಿಯಿಂದ ನೋಡಿದರು. ಅಲ್ಲಿ ಉಸುಕೂ ಇರಲಿಲ್ಲ, ನೊರೆ ಇತ್ತು. ನೆಲದ ನಕ್ಷೆಯನ್ನು ಇಳಿಸಿಕೊಳ್ಳುತ್ತಿದ್ದ ಚಾರ್ಟಿನ ಮೇಲೆ ‘ಖಾಲಿ ಜಾಗ’ ಎಂದು ಬರೆದುಕೊಂಡರು.

ಸುಮಲತಾಳಿಗೆ ಬಾಯಿ ತುದಿಗೆ ಮಾತು ಬಂದಿತ್ತು. ಹದಿನೆಂಟು ಹೆಂಗಸರ ಎದುರು ಅತ್ತೆಯ ಮಾತಿಗೆ ಮಾತು ಕೊಟ್ಟರೆ ಸಂಜೆ ಮನೆಯಲ್ಲಿ ಏನಾದೀತು ಎಂದು ಅವಳಿಗೆ ಗೊತ್ತು. ನುಂಗಿಕೊಂಡಳು. ಚಾರ್ಟಿನ ಕೆಳಗೆ ‘ವಾರ್ಡ್ ಸದಸ್ಯರು’ ಎಂದಿದ್ದಲ್ಲಿ ಸಹಿ ಹಾಕಿದಳು. ಉಳಿದವರು ಊಟದ ತಟ್ಟೆ ಬರುವಷ್ಟರಲ್ಲಿ ಹೆಬ್ಬೆಟ್ಟು ಒತ್ತಿ ಮುಗಿಸಿದರು.

ಸಂಜೆ ಪ್ರಮಾಣಪತ್ರ ಬಂತು. ಮಗಳು ಮಾನಸಾ ಅದನ್ನು ಟೀವಿಯ ಮೇಲೆ ನಿಲ್ಲಿಸಿದಳು. ಅವಳು ಹತ್ತನೆಯ ತರಗತಿ, ಮನೆಯಲ್ಲಿ ಓದಿಗೆ ಬೆಲೆ ಕೊಡುವ ಎರಡನೆಯ ಜೀವ.

“‘ಸಮರ್ಥ ನಾಯಕಿ’ ಅಂತೆ ಬರದ್ರು” ಎಂದಳು ಮಾನಸಾ.

“ನಾಯಕೀ, ಒಂದು ಚಾ ಸಿಗ್ತದಾ?” ಎಂದ ಕಿಶನ. ಎಲ್ಲರೂ ನಕ್ಕರು. ಹೀರಾ ಕೂಡ ನಕ್ಕಳು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ ಎಂದು ಆಗ ಯಾರಿಗೆ ಗೊತ್ತಿತ್ತು?

ಚೌತಿಯ ಹೊತ್ತಿಗೆ ಕೇರಿಯ ದಾರಿಗೆ ಆರು ದೀಪದ ಕಂಬ ಬಂದವು. ಹೆಂಗಸರು ಶಿಬಿರದಲ್ಲಿ ಕೇಳಿದ್ದೇ ಅದನ್ನು. ಸುಮಲತಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಂಚಾಯ್ತಿಯಲ್ಲಿ ಕುರ್ಚಿಯ ತುದಿಗೆ ಕೂರುತ್ತಿದ್ದವಳು ಈಗ ಬೆನ್ನು ಆನಿಸಿ ಕೂತಳು, ಚರಂಡಿಗೂ ಅರ್ಜಿ ಬರೆದಳು. ಶಿಬಿರದ ನಕ್ಷೆ ಪಂಚಾಯ್ತಿಯಿಂದ ಮೇಲಕ್ಕೆ ಹೋಗಿದೆ, ಅಲ್ಲಿಂದ ಇನ್ನೂ ದೊಡ್ಡ ಕೆಲಸ ಬರುತ್ತದೆ ಎಂದು ಪಿಡಿಒ ಹೇಳಿದಾಗ ಖುಷಿಯೇ ಪಟ್ಟಳು. ಏನು ಕೆಲಸ ಎಂದು ಕೇಳಲಿಲ್ಲ. ತರಬೇತಿಯಲ್ಲಿ ಹೇಗೆ ಮಾತಾಡಬೇಕೆಂದು ಹೇಳಿಕೊಟ್ಟಿದ್ದರು, ಯಾವಾಗ ಕೇಳಬೇಕೆಂದು ಹೇಳಿಕೊಟ್ಟಿರಲಿಲ್ಲ.

ದಸರೆ ಕಳೆದ ಮೂರನೆಯ ದಿನ ಬೆಳಿಗ್ಗೆ ಹೀರಾ ಉಪ್ಪು ಹಾಕಿದ ಬಂಗಡೆಯ ಬುಟ್ಟಿ ಹೊತ್ತು ಬಯಲಿಗೆ ಹೋದಳು. ಅರ್ಧ ಗಂಟೆಯಲ್ಲಿ ಅದೇ ಬುಟ್ಟಿ ಹೊತ್ತು ತಿರುಗಿ ಬಂದಳು. ಗಾಳಿಮರದಾಚೆ ಗೂಟ ಹೊಡೆದು ಕೆಂಪು ದಾರ ಕಟ್ಟಿದ್ದರು. ಟಿಪ್ಪರ್ ಬಂದು ಸಿಮೆಂಟು ಕಲ್ಲು ಸುರಿಯುತ್ತಿತ್ತು. ಮೂರನೆಯ ಮರ ಇದ್ದಲ್ಲಿ ಬೊಡ್ಡೆ ಮಾತ್ರ ಉಳಿದಿತ್ತು.

“ಕಡಲತೀರ ಉದ್ಯಾನವಂತೆ!” ಬುಟ್ಟಿಯನ್ನು ಅಂಗಳದಲ್ಲಿ ಕುಕ್ಕಿದಳು. “ಗೋವೆಗೆ ಹೋಗೂ ಕಾರು ಇಲ್ಲಿ ನಿಲ್ತದಂತೆ. ಅವ್ರು ಇಲ್ಲಿ ಕೂತು ಫೋಟೋ ಹೊಡಿತ್ರಂತೆ. ಯಾರನ್ನ ಕೇಳಿ ಮಾಡ್ದ್ರು ಅಂತೆ ಕೇಳದ್ರೆ, ನಿಮ್ಮ ಮೆಂಬರೇ ಬರೆದು ಕೊಟ್ಟದ್ದು, ಖಾಲಿ ಜಾಗ ಅಂತೆ, ಅಂದ ಅಲ್ಲಿಯ ಮೇಸ್ತ್ರಿ.”

ಸುಮಲತಾ ಗಂಜಿ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. “ಅದು ಶಿಬಿರದ ನಕ್ಷೆ ಅತ್ತೆ.”

“ಯಾವ ನಕ್ಷೆಯೋ. ಬರ್ದದ್ದು ಯಾರು?”

“ಬರೆದದ್ದು ಮೇಡಂ, ಹೇಳಿದ್ದು ನೀವು. ಯಂತದೂ ಇಲ್ಲ ಅಂದ್ರಿ.”

“ನಾ ಯಾವಾಗ ಅಂದೆ?”

“ಎಲ್ಲರ ಎದುರಿಗೆ ಅಂದ್ರಿ. ನಾ ಪಟ್ಟಿ ಎಳೆಯೂಕೆ ಹೋದ್ರೆ ಕೈ ಹಿಡಿದ್ರಿ.”

“ಕೈ ಹಿಡಿದೆ. ಗೆರೆ ಹಾಕಬ್ಯಾಡ ಅಂದೆ. ಜಾಗ ಬರೆದು ಕೊಡು ಅಂದ್ನಾ?” ಹೀರಾ ತಲೆಯ ಮೇಲಿನ ಸಿಂಬಿ ತೆಗೆದು ನೆಲಕ್ಕೆ ಎಸೆದಳು. “ನಲವತ್ತು ವರ್ಷ ಕೂತ ಜಾಗ ನಂದು. ನನ್ನ ಅತ್ತೆ ನಡೆಸಿ ತೋರಿಸಿದ್ದು. ನೀ ಒಂದು ಸಹಿ ಹಾಕಿ ತೊಳೆದುಬಿಟ್ಟೆ.”

ಕಿಶನ ಆ ದಿನ ಮನೆಯಲ್ಲಿದ್ದ. ಗಂಜಿಯ ತಟ್ಟೆ ಬದಿಗೆ ಸರಿಸಿದ. “ಆಯಿಗೆ ಓದು ಬರಹ ಇಲ್ಲ, ಯಂತದೋ ಅಂದಿರ್ತದೆ. ನೀ ಓದಿದವಳಲ್ದಾ? ಆಯಿ ಅಂದದ್ದಕ್ಕೇ ಸಹಿ ಹಾಕೂದಾ?”

ಸುಮಲತಾ ಗಂಡನ ಮುಖ ನೋಡಿದಳು. ಹದಿನೇಳು ವರ್ಷದಿಂದ ಇದೇ ಬಾಯಿ ‘ಆಯಿ ಅಂದ ಹಾಗೆ ಕೇಳು’ ಎನ್ನುತ್ತಿತ್ತು. ಸಾರಿಗೆ ಹುಳಿ ಎಷ್ಟು, ತವರಿಗೆ ಎಂದು ಹೋಗಬೇಕು, ಮಗಳಿಗೆ ಕಿವಿ ಎಂದು ಚುಚ್ಚಿಸಬೇಕು, ಎಲ್ಲದಕ್ಕೂ ಆಯಿ ಅಂದ ಹಾಗೆ. ಕೇಳಬಾರದ ಒಂದೇ ಒಂದು ಮಾತು ಯಾವುದು ಎಂದು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ.

“ಮಾವ, ನೀವು ಹೇಳಿ” ಎಂದಳು. “ಆವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತೆನೇ ನಿಮ್ಮತ್ರ ಹೇಳ್ಳಿಲ್ವಾ, ಸುಮಾ ಗೆರೆ ಹಾಕೂಕೆ ಹೋಗಿತ್ತು, ನಾ ತಡೆದೆ ಅಂತೆ?”

ಕುಪ್ಪ ಹೆಂಡತಿಯನ್ನು ನೋಡಿದ, ಸೊಸೆಯನ್ನು ನೋಡಿದ. “ನಂಗೆ ಈಗೀಗ ನೆನಪೇ ಉಳೂದಿಲ್ಲ ತಂಗೀ” ಎಂದು ಮಂಡಿ ತಿಕ್ಕಿಕೊಂಡ.

ಆ ದಿನ ಮಧ್ಯಾಹ್ನವೇ ಹೀರಾ ಹಿತ್ತಿಲಿನಿಂದ ಮೂರು ಕಲ್ಲು ತಂದು ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ಒಲೆ ಹೂಡಿದಳು. ಒಂದೇ ಅಡುಗೆಮನೆಯಲ್ಲಿ ಎರಡು ಗಡಿಗೆ ಕುದಿಯತೊಡಗಿದವು. ಕುಪ್ಪ ಹೆಂಡತಿಯ ಒಲೆಯಲ್ಲಿ ಉಂಡ. ಮಾನಸಾ ತಾಯಿಯ ಒಲೆಯಲ್ಲಿ ಉಂಡಳು. ಕಿಶನ ವಾರಕ್ಕೊಮ್ಮೆ ಮನೆಗೆ ಬಂದಾಗ ಎರಡೂ ಕಡೆ ಉಂಡು, ಎರಡೂ ಕಡೆ ಉಪ್ಪು ಕಡಿಮೆ ಎಂದ.

ಬಯಲು ಹೋದ ಮೇಲೆ ಹೆಂಗಸರು ಮೀನು ಹರವಲು ಪರದಾಡಿದರು. ಯಾರೋ ಮಾಡಿನ ತಗಡಿನ ಮೇಲೆ ಹರವಿದರು, ಯಾರೋ ಅಂಗಳದಲ್ಲಿ ಹರವಿದರು. ತಗಡಿನ ಮೇಲಿನದು ಹೊರಗೆ ಸುಟ್ಟು ಒಳಗೆ ಹಸಿ ಉಳಿಯಿತು. ಅಂಗಳದ್ದನ್ನು ನಾಯಿ, ಕಾಗೆ ಬಿಡಲಿಲ್ಲ. ಕಡಲ ಗಾಳಿ ಬಡಿಯದ ಮೀನಿಗೆ ಹುಳ ಬೇಗ. ಹೀರಾ ಕಾರವಾರದ ರವಿವಾರದ ಸಂತೆಗೆ ಒಯ್ದ ಬುಟ್ಟಿಯಲ್ಲಿ ಅರ್ಧ ತಿರುಗಿ ಬಂತು. ಸದಾಶಿವಗಡದ ಕಡೆಯಿಂದ ಬರುವ ಅವಳ ಹಳೆಯ ಗಿರಾಕಿಯೊಬ್ಬಳು ಮೀನು ಮೂಸಿ ನೋಡಿ ಕೆಳಗಿಟ್ಟು, “ಹೀರಾ, ಕೈ ಕೆಟ್ಟೋಯ್ತು ನಿಂದು” ಎಂದಳಂತೆ. ಅದನ್ನು ಹೀರಾ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಜೊತೆಗೆ ಹೋಗಿದ್ದ ಕಾಮಿ ಇಡೀ ಕೇರಿಗೆ ಹೇಳಿದಳು.

ಸುಮಲತಾ ಸುಮ್ಮನೆ ಕೂರಲಿಲ್ಲ. ಅದನ್ನಾದರೂ ಒಪ್ಪಬೇಕು. ಅಂಕೋಲೆಗೆ ಹೋದಳು, ಅಲ್ಲಿಂದ ಕಾರವಾರಕ್ಕೆ ಕಳಿಸಿದರು. ಬಾಳೆಗುಳಿಯಲ್ಲಿ ಬಸ್ಸಿಗೆ ಕಾಯುತ್ತ ಎರಡು ಮಧ್ಯಾಹ್ನ ಬಿಸಿಲಲ್ಲಿ ನಿಂತಳು. ಕಾರವಾರದ ಕಚೇರಿಯ ಸಾಹೇಬರು ಕಡತ ತೆಗೆದು ಅದೇ ನಕ್ಷೆ ತೋರಿಸಿದರು. ಈಗ ಅದಕ್ಕೆ ಮೂರು ಮೊಹರು ಬಿದ್ದಿತ್ತು.

“ಇದು ನಿಮ್ಮ ಸಹಿಯಲ್ವಾ?”

“ಹೌದು ಸಾರ್. ಅದು ಮಳೆಗಾಲ. ಮಳೆಗಾಲದಲ್ಲಿ ಅಲ್ಲಿ ಯಾರೂ ಕೂರೂದಿಲ್ಲ.”

“ಅದನ್ನು ಬರೀಬೇಕಿತ್ತಲ್ಲ?” ಸಾಹೇಬರು ಕೆಟ್ಟವರಲ್ಲ, ದಾರಿಯೊಂದನ್ನು ಹೇಳಿದರು. ಅರ್ಧ ಬಯಲಿಗೆ ಇನ್ನೂ ಕಲ್ಲು ಹಾಕಿಲ್ಲ. ಯಾವ ಮನೆಗೆ ಎಷ್ಟು ಅಡಿ ಎಂದು ಅಳೆದು, ಹೆಸರು ಬರೆದು, ಎಲ್ಲರ ಸಹಿ ಹಾಕಿಸಿ ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಿದರೆ ಆ ಅರ್ಧವನ್ನು ಬಿಡಿಸಬಹುದು. ಗ್ರಾಮಸಭೆಗೆ ಹನ್ನೆರಡು ದಿನ ಇತ್ತು.

ಟೇಪು ಹಿಡಿದುಕೊಂಡು ಸುಮಲತಾ, ಬಯಲಿಗೆ ಬಂದು ಜಾಗ ತೋರಿಸಿ ಎಂದು ಮನೆ ಮನೆಗೆ ಹೋದಳು. ಮಾನಸಾ ಶಾಲೆಯಿಂದ ಬಂದವಳೇ ನೋಟುಬುಕ್ಕು ಹಿಡಿದು ಹಿಂದೆ ಹೋದಳು. ಆದರೆ ಅವರಿಗಿಂತ ಒಂದು ಮನೆ ಮುಂದೆ ಹೀರಾ ಇರುತ್ತಿದ್ದಳು.

“ಅಳೆಯೂಕೆ ಬಿಡಬ್ಯಾಡಿ” ಎನ್ನುತ್ತಿದ್ದಳು. “ಒಂದು ಸಲ ಅಳೆದ್ರೆ ನಾಳೆ ನಿಂದು ಹೆಚ್ಚು ನಂದು ಕಡಿಮೆ ಅಂತೆ ಹೊಡೆದಾಡ್ತ್ರಿ. ಗೆರೆ ಹಾಕಿದ ಮನೆ ದೋಣಿ ಯಂತಾಯ್ತು ಗೊತ್ತದ್ಯಾ ಇಲ್ವಾ?”

ಬೇಬಿಯ ಮಗ ಬೋಟಿನಲ್ಲಿದ್ದ, ಅವಳು ಹೆದರಿದಳು. ಜಾನಕಿ, “ನಿಮ್ಮ ಅತ್ತೆ ಸಹಿ ಹಾಕಿದ ಮೇಲೆ ನಾ ಹಾಕ್ತೆ” ಎಂದಳು. ಕಾಮಿ ಬಾಗಿಲಲ್ಲೇ ನಿಂತು, “ಉದ್ಯಾನದಲ್ಲಿ ನಿಂಗೆ ಒಂದು ಅಂಗಡಿ ಕೊಡ್ತ್ರಂತೆ, ಹೌದಾ?” ಎಂದು ಕೇಳಿದಳು. ಆ ಸುದ್ದಿ ಎಲ್ಲಿ ಹುಟ್ಟಿತೋ ದೇವರೇ ಬಲ್ಲ. ಇಲ್ಲ ಎಂದರೆ ನಂಬುವವರಿರಲಿಲ್ಲ.

ಅಳೆಯಲು ಬಿಟ್ಟವಳು ಚಂಪಾ ಒಬ್ಬಳೇ. ಗಂಡನಿಲ್ಲ, ಮಕ್ಕಳಿಲ್ಲ. ಗೆರೆ ಹಾಕಿದರೆ ಮುಳುಗಲು ಅವಳಿಗೆ ದೋಣಿಯೂ ಇರಲಿಲ್ಲ. “ಅಳಿ ಮಾರಾಯ್ತಿ” ಎಂದಳು. “ನಂದು ಹನ್ನೆರಡು ಹೆಜ್ಜೆ. ಹನ್ನೊಂದಾದ್ರೂ ಆಯ್ತು. ಒಬ್ಬರ ಹೆಸರಾದ್ರೂ ಕಾಗದದ ಮೇಲೆ ಇರಲಿ.”

ಗ್ರಾಮಸಭೆಯ ಹಿಂದಿನ ದಿನ ಸುಮಲತಾ ತನ್ನ ಒಲೆಯ ಬಂಗಡೆ ಸಾರನ್ನು ಒಂದು ಬಟ್ಟಲಲ್ಲಿ ಹಾಕಿ ಅತ್ತೆಯ ಒಲೆಯ ಹತ್ತಿರ ಇಟ್ಟಳು.

“ಅತ್ತೆ, ಒಂದು ಸಹಿ. ನೀವು ಹಾಕಿದ್ರೆ ಎಲ್ಲರೂ ಹಾಕ್ತ್ರು. ಅರ್ಧ ಬಯಲಾದ್ರೂ ಉಳಿತದೆ.”

“ನನ್ನ ಹೆಸರಿಗೆ ಎಷ್ಟು ಅಡಿ ಬರ್ದೆ?”

“ಎಲ್ಲರಿಗೂ ಸಮ. ಅಳೆಯೂಕೆ ಯಾರೂ ಬಿಡ್ಲಿಲ್ಲ, ಅರ್ಧವೇ ಉಳಿದದ್ದಲ್ದಾ.”

“ಚಂಪಾಗೂ ನಂಗೂ ಸಮ?”

ಹೀರಾ ಬಟ್ಟಲನ್ನು ಎತ್ತಿ ಹಿತ್ತಿಲ ಬಾಗಿಲಲ್ಲಿ ಬೆಕ್ಕಿಗೆ ಇಟ್ಟಳು. ಗೆರೆಯ ಹೆದರಿಕೆ ನಿಜವೇ ಇರಬಹುದು. ಆದರೆ ಹೆದರಿಕೆಯ ಹಿಂದೆ ಇನ್ನೊಂದು ಇತ್ತು. ಕಾಗದದ ಮೇಲೆ ಹದಿನೆಂಟು ಹೆಸರು ಒಂದೇ ಉದ್ದದ ಪಟ್ಟಿಯಲ್ಲಿ ಬಂದರೆ, ಹೀರಾ ಕೂತ ಮೇಲೆ ಕೂರುವವರು ಯಾರು?

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ನಡೆಯಿತು. ಅಧ್ಯಕ್ಷರು ಬೇರೆ ಊರಿನವರು, ಬೇಗ ಮುಗಿಸುವ ಮನಸ್ಸಿನವರು. ಸುಮಲತಾ ಎದ್ದು ನಿಂತು ಶಿಬಿರದಲ್ಲಿ ಕಲಿಸಿದ ಹಾಗೆಯೇ ಮಾತಾಡಿದಳು. ಮೊದಲು ಸಮಸ್ಯೆ, ಆಮೇಲೆ ಕಾರಣ, ಆಮೇಲೆ ಪರಿಹಾರ. ದನಿ ನಡುಗಲಿಲ್ಲ.

“ಠರಾವಿಗೆ ಹದಿನೆಂಟು ಸಹಿ ಬೇಕು ಅಂತೀರಿ, ಒಂದೇ ಇದೆಯಲ್ಲ?” ಎಂದರು ಅಧ್ಯಕ್ಷರು. “ನಿಮ್ಮದೇ ಮನೆಯದಿಲ್ಲ. ಹೋಗಲಿ, ಇಲ್ಲೇ ಕೇಳುವ. ನಕ್ಷೆ ಮಾಡುವಾಗ ಖಾಲಿ ಜಾಗ ಅಂತ ಹೇಳಿದ್ದು ಯಾರು?”

ಹೆಂಗಸರು ಸೆರಗು ಸರಿಮಾಡಿಕೊಂಡರು. ಸುಮಲತಾ ಅತ್ತೆಯತ್ತ ತಿರುಗಿದಳು. ‘ನಾನೇ ಅಂದೆ, ಗೊತ್ತಾಗದೆ ಅಂದೆ’ ಎಂದು ಹೀರಾ ಒಂದು ಮಾತು ಹೇಳಿದ್ದರೆ ಸಾಕಿತ್ತು. ಉಳಿದ ಹದಿನಾರು ಹೆಬ್ಬೆಟ್ಟು ತಾವಾಗಿ ಬರುತ್ತಿದ್ದವು. ಹೀರಾ ಎದ್ದು ನಿಂತಳು.

“ನಮಗೆ ಓದೂಕೆ ಬರಿಯೂಕೆ ಬರೂದಿಲ್ಲ ಸಾಹೇಬ್ರೇ” ಎಂದು ಸೊಸೆಯತ್ತ ಕೈ ಮಾಡಿದಳು. “ಬರ್ದದ್ದು ಅದು. ಅದ್ನೇ ಕೇಳಿ.”

“ಸುಳ್ಳು ಹೇಳಬ್ಯಾಡ ಹೀರಾ” ಎಂದು ಹಿಂದಿನಿಂದ ಚಂಪಾ ಕೂಗಿದಳು. “ನಾ ಅಲ್ಲೇ ಕೂತಿದ್ದೆ. ಅದು ಬರಿಯೂಕೆ ಹೋಯ್ತು, ನೀ ಕೈ ಹಿಡಿದೆ. ನಾವೆಲ್ಲ ಬಾಯಿ ಮುಚ್ಚಿ ಕೂತೆವು. ಈಗ್ಲೂ ಹಾಗೇ ಕೂತಿದ್ದೇವೆ.”

“ಕೂರೇ ಸಾಕು! ಮನೆ ಮಠ ಇಲ್ಲದವಳು” ಎಂದಳು ಕಾಮಿ. ಮೂರು ನಾಲ್ಕು ದನಿ ಒಟ್ಟಿಗೆ ಎದ್ದವು. ಅಂಗಡಿಯ ಮಾತು ಬಂತು, ದೀಪದ ಕಂಬದಲ್ಲಿ ಸುಮಲತಾ ದುಡ್ಡು ತಿಂದ ಮಾತೂ ಬಂತು. ಅಧ್ಯಕ್ಷರು ಗಡಿಯಾರ ನೋಡಿಕೊಂಡು ‘ಸಹಮತವಿಲ್ಲ’ ಎಂದು ಬರೆಸಿದರು. ಮುಂದಿನ ವಿಷಯ ಕುಡಿಯುವ ನೀರು.

ಮನೆಗೆ ಬಂದು ಮಾನಸಾ ಅಜ್ಜಿಯ ಎದುರು ನಿಂತಳು. “ಅಜ್ಜಿ, ನೀವು ಯಾಕೆ ಸುಳ್ಳು ಹೇಳಿದ್ರಿ?”

“ನಾ ಹೇಳಿದ್ದು ನಿಜವೇ” ಎಂದಳು ಹೀರಾ. “ನಂಗೆ ಬರಿಯೂಕೆ ಬತ್ತದಾ? ನೀನೇ ಹೇಳು.” ಅಂದಿನಿಂದ ಅವಳು ಸೊಸೆಯೊಡನೆ ಮಾತು ಬಿಟ್ಟಳು.

ಉಳಿದರ್ಧ ಬಯಲಿಗೂ ಕಲ್ಲು ಬಿತ್ತು. ಜನವರಿಯ ಕೊನೆಗೆ ಉದ್ಯಾನ ತಯಾರಾಯಿತು. ಸಿಮೆಂಟಿನ ದೊಡ್ಡ ಬಂಗಡೆಯೊಂದನ್ನು ಬಾಲದ ಮೇಲೆ ನಿಲ್ಲಿಸಿದ್ದರು, ಅದರ ಬಾಯಿಂದ ನೀರು ಚಿಮ್ಮುತ್ತಿತ್ತು. ಸಣ್ಣದಂಡೆಯ ಜನ ಬಂಗಡೆಯನ್ನು ನೂರು ಬಗೆಯಲ್ಲಿ ನೋಡಿದ್ದರು, ಉಗುಳುವುದನ್ನು ನೋಡಿರಲಿಲ್ಲ. ಒಳಗೆ ಮೀನು ಹರವಬಾರದು ಎಂದು ಬೋರ್ಡು ಹಾಕಿದ್ದರು.

ಮನೆಯ ಎರಡು ಒಲೆಗೂ ಈಗ ಬೇಯಿಸಲು ಹೆಚ್ಚೇನೂ ಇರಲಿಲ್ಲ. ಆ ಸಲ ಬೋಟಿಗೆ ಮೀನೇ ಬೀಳಲಿಲ್ಲ, ಕಿಶನ ತರುತ್ತಿದ್ದುದು ಅವನ ಬಸ್ಸಿಗೂ ಬೀಡಿಗೂ ಸರಿಹೋಗುತ್ತಿತ್ತು. ಮೊದಲೆಲ್ಲ ಇಂಥ ವರ್ಷ ಹೀರಾಳ ಬುಟ್ಟಿ ಮನೆ ನಡೆಸುತ್ತಿತ್ತು. ಬುಟ್ಟಿ ಈಗ ಹಿತ್ತಿಲಲ್ಲಿ ಬೋರಲು ಬಿದ್ದಿತ್ತು, ಕೋಳಿ ಅದರೊಳಗೆ ಕಾವಿಗೆ ಕೂತಿತ್ತು. ಕುಪ್ಪನ ಮಂಡಿಯ ಎಣ್ಣೆ ನಿಂತಿತು. ಮಾನಸಾಳ ಟ್ಯೂಷನ್ ನಿಂತಿತು. ರೇಷನ್ನಿನ ಅಕ್ಕಿಯ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಇಬ್ಬರು ಹೆಂಗಸರೂ ಬೆನ್ನು ಬೆನ್ನು ಮಾಡಿ ಉಂಡರು.

ಫೆಬ್ರವರಿಯಲ್ಲಿ ಉದ್ಯಾನದ ಗುತ್ತಿಗೆದಾರ ಕಸಗುಡಿಸಲು ಎಂಟು ಹೆಂಗಸರು ಬೇಕು ಎಂದ. ಸ್ಥಳೀಯರೇ ಆಗಬೇಕು, ವಯಸ್ಸು ಅರವತ್ತರ ಒಳಗಿರಬೇಕು, ವಾರ್ಡ್ ಸದಸ್ಯರು ದೃಢೀಕರಿಸಿ ಸಹಿ ಹಾಕಬೇಕು. ಸುಮಲತಾ ಪಂಚಾಯ್ತಿಯ ಹೊರ ಜಗುಲಿಯಲ್ಲಿ ಮೇಜು ಹಾಕಿಸಿಕೊಂಡು ಹೆಸರು ಬರೆದುಕೊಳ್ಳಲು ಕೂತಳು.

ಮೊದಲು ಬಂದವಳು ಚಂಪಾ.

“ವಯಸ್ಸು ಎಷ್ಟು ಬರೀಲಿ ಚಂಪಕ್ಕ?”

“ಅರವತ್ತೊಂದು ತುಂಬಿತು.”

ಸುಮಲತಾ ಪೆನ್ನು ಕೆಳಗಿಟ್ಟಳು. “ಅರವತ್ತರ ಒಳಗೇ ಬೇಕಂತೆ. ಸಹಿ ನಂದು. ಮೊದಲೇ ಹೆಸರು ಕೆಟ್ಟದೆ, ಇನ್ನು ಸುಳ್ಳು ಬರೆದ್ರೆ…”

“ಬ್ಯಾಡ, ಬ್ಯಾಡ. ಇಲ್ಲದ್ದು ಬರೀಬ್ಯಾಡ” ಎಂದಳು ಚಂಪಾ. ಬಿಸಿಲು ಇಳಿಯಲಿ ಎಂದು ಅಲ್ಲೇ ಗೋಡೆಗೆ ಒರಗಿ ಕೂತಳು. ಸುಮಲತಾಳಿಗೆ ದುಃಖವಾಯಿತು, ಆದರೆ ತಾನು ಸರಿಯಾಗಿ ನಡೆದುಕೊಂಡೆ ಎಂಬ ಸಮಾಧಾನವೂ ಇತ್ತು. ನಾಯಕಿಯಾದ ಮೇಲೆ ಅವಳಿಗೆ ಸಿಕ್ಕಿದ ಸಮಾಧಾನ ಅದೊಂದೇ, ಅದು ಒಂದು ತಾಸೂ ಉಳಿಯಲಿಲ್ಲ.

ಕಾಮಿ, ಬೇಬಿ, ಜಾನಕಿಯರನ್ನು ಹಿಂದೆ ಹಾಕಿಕೊಂಡು ಹೀರಾ ಬಂದಳು. ಮೇಜಿನ ಎದುರು ನಿಂತು, ಗ್ರಾಮಸಭೆಯ ನಂತರ ಮೊದಲ ಸಲ ಸೊಸೆಯೊಡನೆ ಮಾತಾಡಿದಳು.

“ಮೆಂಬರ್ ಬಾಯೋರೇ, ನನ್ನ ಹೆಸರು ಬರ್ಕೊಳ್ಳಿ.”

“ಅತ್ತೆ, ಹೀಗೆಲ್ಲ ಕರೀಬ್ಯಾಡಿ.”

“ಕಚೇರಿಯಲ್ಲಿ ಅತ್ತೆ ಯಾರು? ಹೀರಾ ಕುಪ್ಪ ಹರಿಕಂತ್ರ. ಬರೀರಿ.”

ಹೆಸರು ಬರೆದಳು. ವಯಸ್ಸಿನ ಕಾಲಮ್ಮಿನಲ್ಲಿ ಪೆನ್ನು ನಿಂತಿತು. ಅತ್ತೆಗೆ ಅರವತ್ತಮೂರು ಎಂದು ಅವಳಿಗೆ ಗೊತ್ತು, ಹಿಂದೆ ನಿಂತವರಿಗೆ ಗೊತ್ತು, ಗೋಡೆಗೆ ಒರಗಿದ ಚಂಪಾಳಿಗೂ ಗೊತ್ತು.

“ಅರವತ್ತರ ಒಳಗಿನವ್ರಿಗೆ ಮಾತ್ರ ಅತ್ತೆ.”

“ಐವತ್ತೆಂಟು ಬರೀರಿ.”

“ಹೆಂಗೆ ಬರೀಲಿ?”

“ಹೆಂಗೆ ಅಂದ್ರೆ? ಪೆನ್ನಲ್ಲಿ” ಎಂದಳು ಹೀರಾ. ಕಾಮಿ ಕಿಸಕ್ಕನೆ ನಕ್ಕಳು. ಹೀರಾಳ ಮುಖದಲ್ಲಿ ನಗು ಇರಲಿಲ್ಲ. ಕೆನ್ನೆ ಇಳಿದಿತ್ತು, ಉಪ್ಪಿನಲ್ಲಿ ಬಿರಿಯುತ್ತಿದ್ದ ಅಂಗೈ ಕೆಲಸವಿಲ್ಲದೆ ನುಣುಪಾಗಿತ್ತು. ಸುಮಲತಾಳಿಗೆ ಎರಡು ಒಲೆಗಳು ನೆನಪಾದವು, ಮಗಳ ಟ್ಯೂಷನ್ ನೆನಪಾಯಿತು. ಇದನ್ನೂ ಬರೆಯದಿದ್ದರೆ ಆ ಮನೆಗೆ ಸಂಜೆ ಯಾವ ಮುಖ ಹೊತ್ತು ಹೋಗುವುದು ಎಂದು ಹೆದರಿಕೆಯಾಯಿತು. ಐವತ್ತೆಂಟು ಎಂದು ಬರೆದಳು.

ಚಂಪಾ ಎದ್ದು ಸೀರೆಯ ಧೂಳು ಕೊಡವಿಕೊಂಡಳು.

“ಚಂಪಕ್ಕ, ನಿಲ್ಲಿ” ಎಂದು ಸುಮಲತಾ ಅರ್ಧ ಎದ್ದಳು. “ಬನ್ನಿ. ನಿಮ್ಮದೂ ಬರೀತೆ.”

“ನಂಗೆ ಅರವತ್ತೊಂದು ಅಂದೆನಲ್ಲೇ” ಎಂದಳು ಚಂಪಾ. ಸಿಟ್ಟಿನಿಂದ ಹೇಳಲಿಲ್ಲ, ಮರೆತವರಿಗೆ ನೆನಪಿಸುವ ಹಾಗೆ ಹೇಳಿದಳು. ಮೆಟ್ಟಿಲಿಳಿದು ಹೊರಟುಹೋದಳು.

ಹೀರಾ ಹೆಬ್ಬೆಟ್ಟಿನ ಮಸಿಯನ್ನು ಗೋಡೆಗೆ ಒರೆಸಿ ಹಿಂದಿನವರತ್ತ ತಿರುಗಿದಳು.

“ಕಂಡ್ರ್ಯಾ? ಬರೀಬೇಕು ಅಂದ್ರೆ ಬರೀತದೆ ಅದು. ಆವತ್ತು ಮನಸ್ಸಿರಲಿಲ್ಲ.”

ಹೆಂಗಸರು ಹೌದೆಂದು ತಲೆಯಾಡಿಸಿದರು. ಹೀರಾಳ ಓರಗೆಯ ಕಾಮಿ ಮುಂದೆ ಬಂದು, ತನಗೂ ಐವತ್ತೆಂಟೇ ಎಂದಳು. ಸುಮಲತಾ ಬರೆದುಕೊಂಡಳು.